ಘಾಟಿ ಏರುವಾಗ ಇಂಜಿನ್ ಮಿಸ್ಸಿಂಗ್: ಪ್ಲಗ್ ಬದಲಿಸಿದರೂ ಯಾಕೆ ಹೋಗಲಿಲ್ಲ?

ಪ್ರಶ್ನೆ: ನಮಸ್ಕಾರ ಸರ್. ತೀರ್ಥಹಳ್ಳಿ ಹತ್ತಿರ ನಮ್ಮ ಊರು. ಮನೆಯಲ್ಲಿರುವುದು 2018ರ ಪೆಟ್ರೋಲ್ ಎಸ್‌ಯುವಿ, ನಾಲ್ಕು ಸಿಲಿಂಡರ್, 68 ಸಾವಿರ ಕಿ.ಮೀ. ಓಡಿದೆ. ಆರಿದ್ರಾ ಮಳೆ ಹಿಡಿದಾಗಿನಿಂದ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಹತ್ತು ನಿಮಿಷ ಗಡಗಡ ನಡುಗುತ್ತದೆ. ಹೋದ ವಾರ ಅಮ್ಮನನ್ನು ಮಣಿಪಾಲಕ್ಕೆ ತೋರಿಸಿಕೊಂಡು ವಾಪಸ್ ಬರುವಾಗ ಆಗುಂಬೆ ಘಾಟಿಯಲ್ಲಿ ಪಿಕಪ್ಪೇ ಇಲ್ಲ, ಜರ್ಕ್ ಹೊಡೆಯುತ್ತಾ ಹತ್ತಿತು. ಇಂಜಿನ್ ದೀಪವೂ ಮಿಣುಕುತ್ತಿತ್ತು. ಗ್ಯಾರೇಜಿನಲ್ಲಿ ನಾಲ್ಕೂ ಪ್ಲಗ್ ಹೊಸದು ಹಾಕಿದರು. ಎರಡು ದಿನ ಸರಿಯಿತ್ತು, ಮತ್ತೆ ಅದೇ ಕಥೆ. ಈಗ ಇಂಜೆಕ್ಟರ್ ಸೆಟ್ ಪೂರ್ತಿ ಬದಲಿಸಬೇಕು ಅನ್ನುತ್ತಿದ್ದಾರೆ. ಮಾಡಿಸಲೇ?

ಉತ್ತರ: ಸದ್ಯಕ್ಕೆ ಬೇಡ. ನಿಮ್ಮ ಪತ್ರದಲ್ಲೇ ಅರ್ಧ ಉತ್ತರ ಇದೆ. ‘ಮಳೆ ಹಿಡಿದಾಗಿನಿಂದ’ ಎಂದಿದ್ದೀರಿ, ‘ಘಾಟಿಯಲ್ಲಿ’ ಎಂದಿದ್ದೀರಿ. ಇಂಜೆಕ್ಟರ್‌ಗೆ ಮಳೆಗಾಲ ಬೇಸಿಗೆ ಎಂಬ ಭೇದ ಅಷ್ಟಾಗಿ ಇಲ್ಲ. ಇಂಜೆಕ್ಟರ್ ಪೆಟ್ರೋಲ್ ಸಿಂಪಡಿಸುತ್ತದೆ, ಪ್ಲಗ್ಗಿನ ಕಿಡಿ ಅದನ್ನು ಹೊತ್ತಿಸುತ್ತದೆ; ಥಂಡಿ ತಾಗುವುದು ಕಿಡಿಗೆ. ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಹೊತ್ತದೆ ತಪ್ಪುವುದೇ ಮಿಸ್ಸಿಂಗ್.

ನಿಮ್ಮ ಇಂಜಿನ್ನಿನಲ್ಲಿ ಪ್ರತಿ ಪ್ಲಗ್ಗಿನ ನೆತ್ತಿಯ ಮೇಲೂ ಒಂದೊಂದು ಇಗ್ನಿಷನ್ ಕಾಯಿಲ್ ಕೂತಿರುತ್ತದೆ. ಬ್ಯಾಟರಿಯ 12 ವೋಲ್ಟನ್ನು ಇಪ್ಪತ್ತು–ಮೂವತ್ತು ಸಾವಿರ ವೋಲ್ಟಿಗೆ ಏರಿಸಿ ಪ್ಲಗ್ಗಿಗೆ ಕೊಡುವುದು ಅದರ ಕೆಲಸ. ಸಮತಟ್ಟು ರಸ್ತೆಯಲ್ಲಿ ಸುಮ್ಮನೆ ಹೋಗುವಾಗ ಸಿಲಿಂಡರಿನೊಳಗೆ ಒತ್ತಡ ಕಡಿಮೆ, ಕಿಡಿ ಸುಲಭವಾಗಿ ಹಾರುತ್ತದೆ. ಘಾಟಿಯಲ್ಲಿ ಆಕ್ಸಿಲರೇಟರ್ ಒತ್ತಿದಾಗ ಒಳಗೆ ತುಂಬುವ ಗಾಳಿ ಹೆಚ್ಚು, ಒತ್ತಡ ಹೆಚ್ಚು; ಪ್ಲಗ್ಗಿನ ತುದಿಯ ಅಷ್ಟೇ ಸಂದಿನಲ್ಲಿ ಕಿಡಿ ಹಾರಬೇಕಾದರೆ ಇನ್ನಷ್ಟು ವೋಲ್ಟ್ ಬೇಕು. ಬಲ ಕುಂದಿದ ಕಾಯಿಲ್ ಅಲ್ಲಿ ಕೈಚೆಲ್ಲುತ್ತದೆ. ಕಾಯಿಲ್ಲಿನ ರಬ್ಬರ್ ಕೊಳವೆ ಬಿರುಕು ಬಿಟ್ಟು ತೇವ ಹಿಡಿದಿದ್ದರಂತೂ ಕರೆಂಟು ಪ್ಲಗ್ಗಿನ ತುದಿಯವರೆಗೆ ಹೋಗುವ ಕಷ್ಟವನ್ನೇ ತೆಗೆದುಕೊಳ್ಳುವುದಿಲ್ಲ, ಪಕ್ಕದ ಇಂಜಿನ್ ಲೋಹಕ್ಕೆ ಹಾರಿಬಿಡುತ್ತದೆ.

ಹಾಗಾದರೆ ಹೊಸ ಪ್ಲಗ್ ಹಾಕಿದ ಮೇಲೆ ಎರಡು ದಿನ ಹೇಗೆ ಸರಿಯಿತ್ತು? ಹಳೆಯ ಪ್ಲಗ್ಗಿನ ತುದಿ ಸವೆದು ಸಂದು ದೊಡ್ಡದಾಗಿತ್ತು, ಹೊಸದರಲ್ಲಿ ಚಿಕ್ಕದಾಯಿತು, ಕಾಯಿಲ್ಲಿಗೆ ಅಷ್ಟು ಭಾರ ಇಳಿಯಿತು. ಬಿಚ್ಚಿ ಒರೆಸಿ ಕೂರಿಸುವಾಗ ತೇವವೂ ಆರಿರಬೇಕು. ಮತ್ತೆ ಮಳೆ ನೆನೆದ ಮೇಲೆ ರೋಗ ಮರಳಿತು. ಗ್ಯಾರೇಜಿನವರು ಮಾಡಿದ್ದು ತಪ್ಪೆಂದು ಹೇಳಲಾರೆ, ಅರ್ಧಕ್ಕೆ ನಿಲ್ಲಿಸಿದರು ಅಷ್ಟೆ.

ಮೊದಲು ಮಿಣುಕುವ ದೀಪದ ಮಾತು. ಆ ದೀಪ ಸುಮ್ಮನೆ ಉರಿಯುತ್ತಿದ್ದರೆ ನಿಧಾನಕ್ಕೆ ಗ್ಯಾರೇಜಿಗೆ ಹೋಗಬಹುದು. ಮಿಣುಕತೊಡಗಿದರೆ ಸುಡದ ಪೆಟ್ರೋಲ್ ಸೈಲೆನ್ಸರಿನತ್ತ ಹೋಗುತ್ತಿದೆ, ದಾರಿಯಲ್ಲಿರುವ, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಾದು ಹಾಳಾಗುತ್ತಿದೆ ಎಂದು ಅರ್ಥ. ಅದರ ಬೆಲೆಯ ಮುಂದೆ ಕಾಯಿಲ್ಲಿನ ಬೆಲೆ ಏನೂ ಅಲ್ಲ. ಆಗುಂಬೆಯ 14 ತಿರುವುಗಳಲ್ಲಿ ಎಲ್ಲೆಂದರಲ್ಲಿ ನಿಲ್ಲಿಸಿ ಎನ್ನಲಾಗದು; ಆಕ್ಸಿಲರೇಟರ್ ಸಡಿಲಿಸಿ, ಕೆಳಗಿನ ಗೇರಿನಲ್ಲಿ ಹಗುರವಾಗಿ ಹತ್ತಿಸಿ, ಜಾಗ ಸಿಕ್ಕಲ್ಲಿ ನಿಲ್ಲಿಸಿ.

ಇನ್ನು ಪತ್ತೆ ಕೆಲಸ. ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಹಾಕಿಸಿ; ಇಂಜಿನ್ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡನ್ನು ಅದು ಓದುತ್ತದೆ. ತೀರ್ಥಹಳ್ಳಿಯಲ್ಲಿ ಸಿಗದಿದ್ದರೆ ಶಿವಮೊಗ್ಗದಲ್ಲಿ ಸಿಕ್ಕೇ ಸಿಗುತ್ತದೆ. ಪಿ0301ರಿಂದ ಪಿ0304ರವರೆಗಿನ ಕೋಡ್ ಬಂದರೆ ಕೊನೆಯ ಅಂಕಿಯೇ ಸಿಲಿಂಡರ್ ಸಂಖ್ಯೆ. ಉದಾಹರಣೆಗೆ ಪಿ0302 ಬಂತು ಎನ್ನಿ. ಗಾಡಿ ಆಫ್ ಮಾಡಿ, ಎರಡನೆಯ ಕಾಯಿಲ್ಲನ್ನು ಮೂರಕ್ಕೆ, ಮೂರರದ್ದನ್ನು ಎರಡಕ್ಕೆ ಹಾಕಿಸಿ. ಕೋಡ್ ಅಳಿಸಿ, ಒಂದು ಏರು ಹತ್ತಿಸಿ ಬನ್ನಿ. ಈಗ ಪಿ0303 ಬಂದರೆ ಕಳ್ಳ ಸಿಕ್ಕಿದ: ಕಾಯಿಲ್. ಸ್ಕ್ಯಾನರಿನ ಬಾಡಿಗೆ ಬಿಟ್ಟರೆ ಖರ್ಚಿಲ್ಲ. ಆದರೆ ಇಂಜಿನ್ ಓಡುತ್ತಿರುವಾಗಲೇ ಒಂದೊಂದೇ ಕಾಯಿಲ್ ಎಳೆದು ನೋಡುವ ಹಳೇ ಅಭ್ಯಾಸಕ್ಕೆ ಬಿಡಬೇಡಿ. ಕೈಗೂ ಶಾಕ್, ಕನ್ವರ್ಟರಿಗೂ ಕೇಡು.

ಕಾಯಿಲ್ ತೆಗೆದಾಗ ಪ್ಲಗ್ ಕೂರುವ ಗುಂಡಿಗೆ ಟಾರ್ಚ್ ಬಿಟ್ಟು ನೋಡಿಸಿ. ಎಣ್ಣೆ ನಿಂತಿದ್ದರೆ ಇಂಜಿನ್ ನೆತ್ತಿಯ ಮುಚ್ಚಳದ (ಟ್ಯಾಪೆಟ್ ಕವರಿನ) ಗ್ಯಾಸ್ಕೆಟ್ ಅಥವಾ ಸೀಲ್ ಹೋಗಿದೆ; ಅದನ್ನು ಬದಲಿಸದೆ ಹೊಸ ಕಾಯಿಲ್ ಹಾಕಿದರೆ ಅದೂ ಹಾಳು. ನೀರಿದ್ದರೆ ನಮ್ಮ ಕಡೆ ಎರಡೇ ಅಪರಾಧಿಗಳು. ಒಂದು, ವಾಟರ್ ಸರ್ವಿಸ್‌ನಲ್ಲಿ ಕೆಸರು ಹೋಗಲೆಂದು ಗನ್ನನ್ನು ಬಾನೆಟ್ ಒಳಗೂ ತಿರುಗಿಸುವುದು. ಇನ್ನೊಂದು, ಮುಂದಿನ ಗಾಜಿನ ಬುಡದ ಜಾಲರಿ. ಹಲಸಿನ ಮರದಡಿ ಗಾಡಿ ನಿಲ್ಲಿಸಿದರೆ ಎಲೆ ಬಿದ್ದು ಅಲ್ಲಿನ ನೀರು ಹೋಗುವ ತೂತು ಕಟ್ಟುತ್ತದೆ, ನೀರು ಉಕ್ಕಿ ಇಂಜಿನ್ ಮೇಲೆ ಹರಿಯುತ್ತದೆ. ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಪೆನ್ಸಿಲಿನಿಂದ ಎಳೆದಂಥ ಕಪ್ಪು ಗೆರೆ ಕಂಡರೆ ಕರೆಂಟು ಅಡ್ಡದಾರಿ ಹಿಡಿದ ಗುರುತು. ಆಗ ಪ್ಲಗ್ಗನ್ನೂ ಕಾಯಿಲ್ಲಿನ ರಬ್ಬರನ್ನೂ ಒಟ್ಟಿಗೇ ಬದಲಿಸಬೇಕು.

ಕಾಯಿಲ್ ಬದಲಾದರೂ ಕೋಡ್ ಎರಡರಲ್ಲೇ ಕೂತಿದ್ದರೆ? ಪ್ಲಗ್ಗನ್ನೂ ಹಾಗೇ ಅದಲುಬದಲು ಮಾಡಿ. ಅದೂ ಅಲ್ಲವಾದರೆ ವಯರು. ಅಡಿಕೆ ಮನೆಯ ಪಕ್ಕ ಗಾಡಿ ನಿಲ್ಲಿಸುವವರಿಗೆ ಇಲಿಯ ಬಗ್ಗೆ ನಾನು ಹೇಳಬೇಕಿಲ್ಲ. ನಾನೂ ಒಮ್ಮೆ ಜಾಣತನ ತೋರಿಸಿ ಇಂಜೆಕ್ಟರ್ ಬಿಚ್ಚಿ ಕ್ಲೀನ್ ಮಾಡಿಸಿದ್ದೆ. ಕೊನೆಗೆ ನೋಡಿದರೆ ಅದೇ ಇಂಜೆಕ್ಟರಿನ ವಯರಿನ ಒಂದೆಳೆಯನ್ನು ಇಲಿ ಕಡಿದಿತ್ತು, ಹಿಡಿದು ಅಲ್ಲಾಡಿಸಿದಾಗ ಮಾತ್ರ ಗೊತ್ತಾಗುವಷ್ಟು. ಇಷ್ಟೆಲ್ಲ ಆದ ಮೇಲೆ ಕಂಪ್ರೆಷನ್ ಟೆಸ್ಟ್, ಅಂದರೆ ಸಿಲಿಂಡರ್ ಒತ್ತಡವನ್ನು ಸೋರದಂತೆ ಹಿಡಿಯುತ್ತದೆಯೇ ಎಂಬ ಪರೀಕ್ಷೆ. ಅದೂ ಸರಿಯಿದ್ದರೆ ಇಂಜೆಕ್ಟರಿನ ಸರದಿ, ಆಗಲೂ ಆ ಒಂದು ಸಿಲಿಂಡರಿನದು ಮಾತ್ರ.

ಪಿ0300 ಬಂದರೆ ದಾರಿ ಬೇರೆ. ಯಾವ ಸಿಲಿಂಡರ್ ಎಂದು ನಿಗದಿಯಿಲ್ಲದೆ ತಪ್ಪುತ್ತಿದೆ. ಗಾಳಿ ಸೋರುವ ಹೋಸ್, ಪೆಟ್ರೋಲ್ ಒತ್ತಡ, ಟ್ಯಾಂಕಿಗೆ ಸೇರಿದ ನೀರು ಇವನ್ನು ನೋಡಬೇಕು. ಎಥೆನಾಲ್ ಬೆರೆತ ಪೆಟ್ರೋಲ್ ತೇವ ಎಳೆಯುತ್ತದೆ. ಮಳೆಗಾಲ ಪೂರ್ತಿ ಅರ್ಧ ಟ್ಯಾಂಕಿನಲ್ಲಿ ಗಾಡಿಯನ್ನು ನಿಲ್ಲಿಸಿಡಬೇಡಿ.

ಪ್ರಶ್ನೆ: ಸಾಗರದಿಂದ ಬರೆಯುತ್ತಿದ್ದೇನೆ. ನಮ್ಮ ಡೀಸೆಲ್ ಗಾಡಿಯೂ ಮಿಸ್ಸಿಂಗ್ ಹೊಡೆಯುತ್ತಿದೆ. ಪ್ಲಗ್ ಹಾಕಿಸಿದರೆ ಸರಿಯಾದೀತೇ?

ಉತ್ತರ: ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗೇ ಇಲ್ಲ. ಇರುವುದು ಹೀಟರ್ ಪ್ಲಗ್, ಅದರ ಕೆಲಸ ಮುಖ್ಯವಾಗಿ ತಣ್ಣಗಿನ ಸ್ಟಾರ್ಟಿಗೆ. ನೀವು ಮೊದಲು ನೋಡಬೇಕಾದ್ದು ಡೀಸೆಲ್ ಫಿಲ್ಟರ್. ಬಹಳಷ್ಟು ಗಾಡಿಗಳಲ್ಲಿ ಅದರ ತಳದಲ್ಲಿ ನೀರು ಬಿಡುವ ಸ್ಕ್ರೂ ಇರುತ್ತದೆ. ಸಡಿಲಿಸಿ, ಶುದ್ಧ ಡೀಸೆಲ್ ಬರುವವರೆಗೆ ನೀರು ಇಳಿಸಿ. ಆಮೇಲೂ ಹೋಗದಿದ್ದರೆ ನಿಮ್ಮಲ್ಲಿ ಇಂಜೆಕ್ಟರ್ ಮೇಲೆ ಅನುಮಾನ ಪಡುವುದು ನ್ಯಾಯವೇ. ಆದರೆ ಬಿಚ್ಚುವ ಮೊದಲು ರಿಟರ್ನ್ ಟೆಸ್ಟ್ ಮಾಡಿಸಿ: ಇಂಜೆಕ್ಟರಿನಿಂದ ಮರಳುವ ಡೀಸೆಲ್ ಹಿಡಿಯಲು ನಾಲ್ಕಕ್ಕೂ ಒಂದೊಂದು ಚಿಕ್ಕ ಬಾಟಲಿ ಕಟ್ಟಿ ಇಂಜಿನ್ ಓಡಿಸುತ್ತಾರೆ. ಉಳಿದವುಗಳಿಗಿಂತ ಬೇಗ ತುಂಬುವ ಬಾಟಲಿಯ ಇಂಜೆಕ್ಟರನ್ನು ಮಾತ್ರ ತೆಗೆಸಿ.