ನಿಮ್ಮ ಫೋನ್ ಭಾವನ ಜೇಬಿನಲ್ಲಿ ಯಾಕಿದೆ?

ನಾಗರಭಾವಿಯ ಓದುಗರೊಬ್ಬರ ಪತ್ರ ಓದಿ ಎರಡು ದಿನ ತಲೆ ಬಿಸಿಯಾಗಿಯೇ ಇತ್ತು. ಈ ವಾರ ಉಳಿದ ಪತ್ರಗಳಿಗೆಲ್ಲ ರಜೆ.

ವಿಷಯ ಇಷ್ಟು. ಇವರಿಗೆ 41 ವರ್ಷ. ಒಂಬತ್ತು ವರ್ಷದಿಂದ ಸೀರಿಯಲ್‌ಗಳಲ್ಲಿ ಮನೆಮುರುಕ ಅತ್ತೆ, ಮನೆಮುರುಕ ಚಿಕ್ಕಮ್ಮ, ಮನೆಮುರುಕ ಅತ್ತಿಗೆ. ಆಡಿಷನ್‌ಗೆ ಹೋದರೆ ಡೈಲಾಗ್ ಕೂಡ ಕೊಡುವುದಿಲ್ಲ, "ಮೇಡಂ, ಆ ಹುಬ್ಬು ಎತ್ತಿ ಒಂದು ಲುಕ್ ಕೊಡಿ ಸಾಕು" ಅಂತಾರೆ. ಮೊನ್ನೆ ಸೊಪ್ಪಿನವಳು "ಆ ಹುಡುಗೀನ ಅಷ್ಟು ಗೋಳು ಹುಯ್ಕೋತೀರಲ್ಲ, ನಿಮಗೆ ಚೌಕಾಸಿ ಬೇರೆ ಕೇಡು" ಅಂದುಬಿಟ್ಟಳು. ನನಗೆ ಬೇರೆ ಪಾತ್ರ ಮಾಡಲೂ ಬರುತ್ತದೆ ಅಂತ ಯಾರ ಹತ್ತಿರ ಹೇಳಿಕೊಳ್ಳಲಿ ಅಂತ ಕೇಳಿದ್ದಾರೆ.

ಸೊಪ್ಪಿನವಳ ವಿಷಯಕ್ಕೆ ನನ್ನಿಂದ ಕನಿಕರ ಸಿಗುವುದಿಲ್ಲ ತಾಯೀ, ಅದು ನಿಮಗೆ ಸಿಕ್ಕ ಪ್ರಶಸ್ತಿ. ಡೈರೆಕ್ಟರ್‌ಗಳನ್ನೂ ಜಾಸ್ತಿ ಬೈಯುವುದಿಲ್ಲ. ವಾರಕ್ಕೆ ಐದಾರು ಎಪಿಸೋಡ್ ಮುಗಿಸಬೇಕಾದವರಿಗೆ ಪಾತ್ರವನ್ನು ನಿಧಾನವಾಗಿ ಕಟ್ಟುತ್ತಾ ಕೂರಲು ಪುರಸೊತ್ತಿಲ್ಲ, ನೀವು ಬಾಗಿಲಲ್ಲಿ ಬಂದು ನಿಂತರೆ ಸಾಕು, ಒಗ್ಗರಣೆ ಹಾಕುತ್ತಾ ಅರ್ಧ ಕಣ್ಣಲ್ಲಿ ಟಿವಿ ನೋಡುವವರಿಗೂ ಇನ್ನೇನೋ ಕಾದಿದೆ ಅಂತ ಗೊತ್ತಾಗುತ್ತದೆ. ಅಂಥ ಮುಖವನ್ನು ಯಾರು ಬಿಡುತ್ತಾರೆ?

ನನ್ನನ್ನು ಕೆರಳಿಸಿದ್ದು ಕೊನೇ ಪುಟದ ಒಂದು ಮಾತು, ಅದೂ ಬ್ರಾಕೆಟ್ಟಿನೊಳಗೆ ತುರುಕಿದ್ದು. ಡೇಟ್ಸು, ಪೇಮೆಂಟು ಎಲ್ಲ ಅಕ್ಕನ ಗಂಡನೇ ನೋಡಿಕೊಳ್ಳುತ್ತಾರೆ, ಪ್ರೊಫೈಲ್‌ನಲ್ಲಿರುವುದೂ ಅವರದೇ ನಂಬರ್. ದೀಪಾವಳಿ ಹೊತ್ತಿಗೆ ಹಳೇ ನಾಟಕ ತಂಡದವರು ಮುದುಕಿ ಪಾತ್ರಕ್ಕೆ ಕೇಳಿದ್ದರಂತೆ, ದುಡ್ಡಿಲ್ಲ ಅಂತ ಭಾವ ಬೇಡ ಅಂದರಂತೆ.

ಕೇಳಿದ್ದರಂತೆ! ನಿಮ್ಮನ್ನು ಕೇಳಿಕೊಂಡು ಬಂದ ಪಾತ್ರದ ಸುದ್ದಿ ನಿಮಗೇ 'ಅಂತೆ'ಯಲ್ಲಿ ಬರುತ್ತದಾ?

ಈ ಅಂಕಣ ಓದುವವರಿಗೆ ನನ್ನ ಹಟ ಗೊತ್ತು, ದುಡಿಯುವವರ ಫೋನ್ ದುಡಿಯುವವರ ಕೈಯಲ್ಲೇ ಇರಬೇಕು. ಟೈಲರಿಂಗ್ ಅಂಗಡಿಯವರಿಗೂ ಹೇಳಿದ್ದೆ, ಟ್ಯೂಷನ್ ಟೀಚರ್‌ಗೂ ಹೇಳಿದ್ದೆ. ಭಾವ ಎಲ್ಲರಿಗೂ ಕಳಿಸುವ ನಾಲ್ಕು ಫೋಟೋಗಳನ್ನು ನೀವು ಪತ್ರದ ಜೊತೆ ಇಟ್ಟಿದ್ದೀರಿ. ನಾಲ್ಕರಲ್ಲೂ ಕಾಸಿನಷ್ಟಗಲ ಬೊಟ್ಟು, ಜರಿ ಸೀರೆ, ಮೇಲೆ ಹೋದ ಎಡ ಹುಬ್ಬು. ಚಾನೆಲ್‌ನವರು ಇನ್ನೇನು ಕೊಡಬೇಕು ಹೇಳಿ?

ಉಮಾಶ್ರೀ ಅವರನ್ನು ನೋಡಿ. 1984ರಲ್ಲಿ 'ಅನುಭವ' ಬಂತು, ಆಮೇಲೆ ಸಿನಿಮಾದವರು ವರ್ಷಗಟ್ಟಲೆ ಅವರಿಗೆ ಕಾಮಿಡಿಯನ್ನೇ ಕೊಟ್ಟರು, ಅದರಲ್ಲೂ ಪೋಲಿ ಮಾತಿನ ಕಾಮಿಡಿ. ಅದೇ ಉಮಾಶ್ರೀ ರಂಗದ ಮೇಲೆ 'ಒಡಲಾಳ'ದ ಸಾಕವ್ವ. ಮುದುಕಿ ಪಾತ್ರ, ಗಮನಿಸಿ. 'ಗುಲಾಬಿ ಟಾಕೀಸ್'ಗೆ ರಾಷ್ಟ್ರಪ್ರಶಸ್ತಿ ಬಂದಾಗ ಸಿನಿಮಾ ಮಾತ್ರ ನೋಡುವವರು ಬೆರಗಾದರು, ನಾಟಕ ನೋಡುವವರಿಗೆ ಅದರಲ್ಲಿ ಆಶ್ಚರ್ಯ ಏನೂ ಇರಲಿಲ್ಲ.

ಸೀರಿಯಲ್ ಬಿಡಿ ಅಂತ ನಾನು ಹೇಳುತ್ತಿಲ್ಲ, ಮಗಳ ಫೀಸ್ ಕಟ್ಟಬೇಕಲ್ವಾ. ಒಂದೇ ಕೆಲಸ ಮಾಡಿ. ಈ ಭಾನುವಾರ ನಿಮ್ಮ ಫೋನ್‌ನಿಂದ ನೀವೇ ಆ ತಂಡದವರಿಗೆ ಕರೆ ಮಾಡಿ. ಮುದುಕಿ ಬೇರೆಯವರ ಪಾಲಾಗಿದ್ದರೆ ಮುಂದಿನ ನಾಟಕಕ್ಕೆ ಕೇಳಿ. ತಿಂಗಳಿಗೆ 15 ದಿನ ಶೂಟಿಂಗ್ ಅಂತ ನೀವೇ ಬರೆದಿದ್ದೀರಿ, ಉಳಿದ ಸಂಜೆಗಳು ತಾಲೀಮಿಗೆ ಸಾಕು. ಭಾವನನ್ನು ಕೇಳಬೇಡಿ. ಹನುಮಂತನಗರದ ಕೆ.ಎಚ್. ಕಲಾಸೌಧದಲ್ಲೋ ಇನ್ನೆಲ್ಲೋ ಶೋ ಆದಾಗ ಅವರಿಗೊಂದು ಟಿಕೆಟ್ ಕೊಡಿ, ದುಡ್ಡು ಎಣಿಸಿಕೊಂಡೇ ಕೊಡಿ.

ಸೊಪ್ಪಿನವಳಿಗೆ ಮಾತ್ರ ಪಾಸ್.