ಸಂಪಾದಕರ ಉತ್ತರ: ನಿಮ್ಮ ಸಬ್‌ವೂಫರ್ ಕೆಟ್ಟಿಲ್ಲ ಮೇಡಂ

ಹಾಸನದಿಂದ ಒಬ್ಬ ಓದುಗರು ನಾಲ್ಕು ಪುಟದ ಪತ್ರ ಬರೆದಿದ್ದಾರೆ, ಪೂರ್ತಿ ಹಾಕೋಕೆ ಜಾಗ ಇಲ್ಲ, ಸಾರ ಹೇಳ್ತೀನಿ. ಹೋದ ಸಂಚಿಕೇಲಿ ನಾನು ಅಮೆರಿಕದ ಹಾಡುಗಾರ ಪ್ರಿನ್ಸ್‌ನ 1986ರ 'ಪರೇಡ್' ಆಲ್ಬಂ ಬಗ್ಗೆ ಬರೀತಾ "ಸಿನಿಮಾ ಬಿಟ್ಟಾಕಿ, ಹಾಡು ಕೇಳಿ ಸಾಕು" ಅಂದಿದ್ದೆ. ಈ ಮೇಡಂ ಹಾಡೂ ಕೇಳಿ, ಆಮೇಲೆ ಹಠಕ್ಕೆ ಬಿದ್ದು, ಆ ಆಲ್ಬಂ ಸೇರಿದ, ಪ್ರಿನ್ಸೇ ನಟಿಸಿರೋ 'ಅಂಡರ್ ದ ಚೆರ್ರಿ ಮೂನ್' ಅನ್ನೋ ಆ ಸಿನಿಮಾನೂ ಹುಡುಕಿ ನೋಡಿದ್ದಾರೆ. "ಫಂಕ್ ಫಂಕ್ (ಸೊಂಟ ಕುಣಿಸೋ ತಾಳದ ಸಂಗೀತ) ಅಂತ ಹೊಗಳಿದ್ರಲ್ಲ, 'ಕಿಸ್' ಹಾಡಲ್ಲಿ ಬೇಸೇ (ಕೆಳದನಿ) ಇಲ್ಲವಲ್ಲ ಸಾರ್, ನಮ್ಮ ಯಜಮಾನ್ರು ಹೊಸ ಸಬ್‌ವೂಫರ್ ಕೆಟ್ಟೋಯ್ತು ಅಂತ ರಿಪೇರಿಯವನನ್ನ ಕರೆಸಿ ದುಡ್ಡು ಕೊಟ್ಟು ಕಳಿಸಿದ್ರು" ಅನ್ನೋದು ಒಂದು ದೂರು. ಸಿನಿಮಾದಲ್ಲಿ ಕೇಳಿದ್ದು ಆಲ್ಬಂನಲ್ಲಿಲ್ಲ, ಆಲ್ಬಂನಲ್ಲಿರೋದು ಸಿನಿಮಾದಲ್ಲಿ ಚೂರುಪಾರು, ಮತ್ತೆ ಇದನ್ನ ಸಿನಿಮಾ ಸಂಗೀತ ಅಂತ ಮಾರಿದ್ದು ಯಾವ ನ್ಯಾಯ ಅನ್ನೋದು ಇನ್ನೊಂದು. ಕೊನೇ ಸಾಲು ಹೀಗಿದೆ: "ಸಿನಿಮಾ ನೋಡದೆ ಕೊನೇ ಹಾಡು ಅರ್ಥವೇ ಆಗಲ್ಲ, ನೀವು ಆ ಸಿನಿಮಾ ಪೂರ್ತಿ ನೋಡಿಲ್ಲ ಅಂತ ನನ್ನ ಅನುಮಾನ."

ಆ ಕೊನೇದಕ್ಕೆ ಕೊನೇಲೇ ಬರ್ತೀನಿ ಮೇಡಂ, ಸ್ವಲ್ಪ ಧೈರ್ಯ ಬೇಕು ಅದಕ್ಕೆ.

ಮೊದಲು ಸಬ್‌ವೂಫರ್, ಅಂದ್ರೆ ಕೆಳದನಿ ಹೊರಡಿಸೋ ಸ್ಪೀಕರ್. ಅದು ಚೆನ್ನಾಗೇ ಇದೆ, 'ಕಿಸ್' ಹಾಡಲ್ಲಿ ನಿಜವಾಗ್ಲೂ ಬೇಸ್ ಗಿಟಾರ್ ಇಲ್ಲ. ಆ ಹಾಡಿನ ಕತೆ ಏನಪ್ಪಾ ಅಂದ್ರೆ, ಅದು ಪ್ರಿನ್ಸ್ ತನಗೆ ಅಂತ ಇಟ್ಕೊಂಡ ಹಾಡೇ ಅಲ್ಲ. ಅವನ ಪೇಸ್ಲಿ ಪಾರ್ಕ್ ಲೇಬಲ್‌ನಲ್ಲಿ ಮಜಾರಾಟಿ ಅಂತ ಒಂದು ಬ್ಯಾಂಡ್ ಇತ್ತು, 1985ರಲ್ಲಿ ಅವರು ಒಂದು ಹಾಡು ಕೊಡು ಅಂತ ಕೇಳಿದಾಗ ಇವನು ಅಕೂಸ್ಟಿಕ್ ಗಿಟಾರ್ ಹಿಡ್ಕೊಂಡು ಒಂದು ಚರಣ ಒಂದು ಪಲ್ಲವಿ ಹಾಡಿ ಟೇಪ್ ಕೊಟ್ಟ, ಅಷ್ಟೇ. ಡೇವಿಡ್ ಝೀ ಅನ್ನೋ ಪ್ರೊಡ್ಯೂಸರ್ ಮತ್ತೆ ಆ ಹುಡುಗರು ಲಾಸ್ ಏಂಜಲೀಸ್‌ನ ಸನ್‌ಸೆಟ್ ಸೌಂಡ್ ಸ್ಟುಡಿಯೋದಲ್ಲಿ ರಾತ್ರಿಯೆಲ್ಲಾ ಕೂತು ಅದಕ್ಕೆ ಮೈ ಕೈ ಕೊಟ್ರು. ಗಿಟಾರ್‌ನ ಕಾರ್ಡ್ ಸುಮ್ನೆ ಬಾರಿಸ್ಕೊಂಡು ಹೋಗೋದು, ಆದ್ರೆ ಡ್ರಮ್ಸ್‌ನ ಹೈಹ್ಯಾಟ್ (ಜೋಡಿ ತಟ್ಟೆ) ಚಿಟಿಕೆ ಹೊಡೆದಾಗ ಮಾತ್ರ ಗಿಟಾರಿನ ಬಾಗಿಲು ತೆಗೆದು ಮುಚ್ಚೋ ಹಾಗೆ ಮಷೀನ್ ಕಟ್ಟಿದ್ರು. ಆ ಕತ್ತರಿಸಿದ ಹಾಗೆ ಬರೋ ಗಿಟಾರ್ ಸದ್ದು ಅದರಿಂದ ಹುಟ್ಟಿದ್ದು. ಬೆಳಗ್ಗೆ ಬಂದು ಕೇಳಿದ ಪ್ರಿನ್ಸ್ ಹಾಡನ್ನೇ ವಾಪಸ್ ತಗೊಂಡ! ತನ್ನ ಕಳ್ಳದನೀಲಿ ಹಾಡ್ಕೊಂಡ, ಗಿಟಾರ್ ಸೇರಿಸ್ದ, ಅವರು ಹಾಕಿದ್ದ ಬೇಸ್ ಕಿತ್ತು ಹಾಕ್ದ. ಹಿಂದೆ ಹಾಡೋ ದನಿಗಳು ಮಾತ್ರ ಆ ಹುಡುಗರದ್ದೇ ಉಳೀತು, ಪಾಪ.

ಅವನ ರೆಕಾರ್ಡ್ ಹೊರತರ್ತಿದ್ದ ವಾರ್ನರ್ ಕಂಪನಿಯವರೂ ನಿಮ್ಮ ಯಜಮಾನ್ರ ಥರಾನೇ ತಲೆ ಕೆರ್ಕೊಂಡ್ರು, ಇದು ಮುಗಿದ ಹಾಡಾ ಇಲ್ಲಾ ಡೆಮೋನಾ ಅಂತ. ಆದ್ರೆ ಎರಡು ವರ್ಷ ಹಿಂದೆ 'ವೆನ್ ಡವ್ಸ್ ಕ್ರೈ' ಹಾಡಲ್ಲೂ ಬೇಸ್ ಕಿತ್ತು ಹಾಕಿ ನಂಬರ್ ಒನ್ ಮಾಡಿದ್ದ ಆಸಾಮಿ ಇವನು, ಅವನಿಗೆ ಯಾರು ಏನು ಹೇಳ್ತಾರೆ. 1986ರ ಏಪ್ರಿಲ್‌ನಲ್ಲಿ 'ಕಿಸ್' ಅಮೆರಿಕದಲ್ಲಿ ನಂಬರ್ ಒನ್ ಆಯ್ತು. ಇನ್ನೂ ಮಜಾ ಅಂದ್ರೆ ಅದರ ಕೆಳಗೆ ನಂಬರ್ ಎರಡರಲ್ಲಿ ನಿಂತಿದ್ದ ಬ್ಯಾಂಗಲ್ಸ್ ತಂಡದ 'ಮ್ಯಾನಿಕ್ ಮಂಡೇ' ಕೂಡ ಇವನೇ ಬರೆದಿದ್ದು, ಹೆಸರು ಮರೆಸಿ, 'ಕ್ರಿಸ್ಟಫರ್' ಅಂತ. ಈ ಸಿನಿಮಾದಲ್ಲಿ ಅವನ ಪಾತ್ರದ ಹೆಸರೇನು? ಕ್ರಿಸ್ಟಫರ್ ಟ್ರೇಸಿ.

ಫಂಕ್ ಅಂದ್ರೆ ಬೇಸ್ ತಾನೇ ಅಂತ ಕೇಳ್ತೀರ. ಬಹಳಷ್ಟು ಸಲ ಹೌದು. ಆದ್ರೆ ಚಿಕ್ಕಂದಿನಲ್ಲಿ ಸಂಗೀತ ಪಾಠಕ್ಕೆ ಹೋಗಿದ್ರೆ ನೆನಪು ಮಾಡ್ಕೊಳ್ಳಿ, ತಾಳದಲ್ಲಿ ಘಾತಕ್ಕೆ (ಕೈ ತಟ್ಟೋದು) ಎಷ್ಟು ಲೆಕ್ಕವೋ ಹುಸಿಗೂ (ಸದ್ದಿಲ್ಲದೆ ಕೈ ಬೀಸೋದು) ಅಷ್ಟೇ ಲೆಕ್ಕ, ಹುಸಿ ತಪ್ಪಿದ್ರೆ ಮೇಷ್ಟ್ರು ತೊಡೆಗೇ ಬಾರಿಸ್ತಿದ್ರು. 'ಕಿಸ್' ಪೂರ್ತಿ ಹುಸಿ ಮೇಲೆ ನಿಂತಿರೋ ಹಾಡು. ಬೇಸ್ ಬರಬೇಕಾದ ಜಾಗದಲ್ಲಿ ಖಾಲಿ ಬಿಟ್ಟಿದ್ದಾನೆ, ಆ ಖಾಲಿ ಜಾಗಕ್ಕೆ ನಮ್ಮ ಸೊಂಟ ತಾನಾಗೇ ಹೋಗುತ್ತೆ.

ಇನ್ನು ಆಲ್ಬಮ್ಮೋ ಸಿನಿಮಾ ಸಂಗೀತವೋ ಅನ್ನೋ ತಕರಾರು. ನೀವು ಗಮನಿಸಿದ್ದು ಸರಿ. ಸಿನಿಮಾದಲ್ಲಿ ಬರೋ 'ಲವ್ ಆರ್ ಮನಿ', 'ಅಲೆಕ್ಸಾ ಡಿ ಪ್ಯಾರಿಸ್' ಎರಡೂ ಆಲ್ಬಂನಲ್ಲಿಲ್ಲ, ಅವನ್ನ ಸಿಂಗಲ್ ರೆಕಾರ್ಡ್‌ಗಳ ಹಿಂಬದಿಗೆ ಹಾಕಿದ್ರು. ಇದಕ್ಕೆ ಕಾರಣ ಇದೆ. ಆಲ್ಬಂನ ಕೆಲಸ ಶುರುವಾಗಿದ್ದು 1985ರ ಏಪ್ರಿಲ್‌ನಲ್ಲಿ, ಶೂಟಿಂಗ್‌ಗಿಂತ ಎಷ್ಟೋ ಮೊದಲು. ಮೊದಲ ನಾಲ್ಕು ಹಾಡಿಗೆ ಪ್ರಿನ್ಸ್ ಸಾಹಿತ್ಯದ ಹಾಳೆ ಎದುರಿಗೆ ಅಂಟಿಸ್ಕೊಂಡು, ಬೇರೆ ಯಾವ ವಾದ್ಯನೂ ಇಲ್ಲದೆ, ಒಂದರ ಹಿಂದೆ ಒಂದು ನಿಲ್ಲಿಸದೆ ಬರೀ ಡ್ರಮ್ಸ್ ನುಡಿಸಿ ಎದ್ದನಂತೆ, ಹಾಡೆಲ್ಲಾ ತಲೇಲೇ ಓಡ್ತಿತ್ತು. ಅದಕ್ಕೇ ಆ ನಾಲ್ಕು ಹಾಡು ಒಂದೇ ಮೆರವಣಿಗೆ ಥರ ಒಂದರ ಬಾಲ ಒಂದು ಹಿಡ್ಕೊಂಡು ಹೋಗೋದು. ಅದರಲ್ಲಿ ಎರಡಕ್ಕೆ ಜಾಝ್ ಪಿಯಾನೋ ನುಡಿಸ್ತಿದ್ದ ಅವರಪ್ಪ ಜಾನ್ ನೆಲ್ಸನ್ ಹೆಸರನ್ನೂ ಸೇರಿಸಿದ್ದಾನೆ. ಆಮೇಲೆ ಟೇಪನ್ನ ಕ್ಲೇರ್ ಫಿಶರ್ ಅನ್ನೋ ಸಂಗೀತಗಾರರಿಗೆ ಕಳಿಸಿ ಆರ್ಕೆಸ್ಟ್ರಾ ಬರೆಸ್ದ. ಇಬ್ಬರೂ ವರ್ಷಗಟ್ಲೆ ಒಟ್ಟಿಗೆ ಕೆಲಸ ಮಾಡಿದ್ರೂ ಮುಖಾಮುಖಿ ಭೇಟಿನೇ ಆಗ್ಲಿಲ್ಲ, ಪ್ರಿನ್ಸ್‌ಗೆ ಆ ದೂರನೇ ಬೇಕಿತ್ತು.

ಆಲ್ಬಂ ಬಂದಿದ್ದು ಮಾರ್ಚ್ 31ಕ್ಕೆ, ಸಿನಿಮಾ ಜುಲೈ 2ಕ್ಕೆ. ನಮಗಿದು ಹೊಸದಲ್ಲ, ನಮ್ಮಲ್ಲೂ ಹಾಡು ಮೊದಲು ಬಂದು ಎಷ್ಟೋ ಹಾಡು ಸಿನಿಮಾ ಮಕಾಡೆ ಮಲಗಿದ ಮೇಲೂ ಉಳ್ಕೊಂಡಿವೆ. ಆದ್ರೆ ಅಮೆರಿಕದವರಿಗೆ ಅವತ್ತು ಬೇರೆ ನಿರೀಕ್ಷೆ ಇತ್ತು. 1984ರ ಇವನ 'ಪರ್ಪಲ್ ರೇನ್' ಸಿನಿಮಾದ ಆಲ್ಬಂ 24 ವಾರ ನಂಬರ್ ಒನ್ ಆಗಿ ಕೂತಿತ್ತು, ಆಸ್ಕರ್ ಬೇರೆ ಬಂತು. ಆ ಸಿನಿಮಾದಲ್ಲಿ ಅವನು ಹಾಡುಗಾರ, ವೇದಿಕೆ ಹತ್ತಿ ಹಾಡ್ತಾನೆ, ಹಾಡೇ ಸೀನು. ಇಲ್ಲಿ ನೋಡಿದ್ರೆ ಫ್ರಾನ್ಸಿನ ನೀಸ್ ಊರಲ್ಲಿ ಪಿಯಾನೋ ನುಡಿಸ್ಕೊಂಡು ಶ್ರೀಮಂತ ಹೆಂಗಸರ ಹಿಂದೆ ಸುತ್ತೋ ಶೋಕಿಲಾಲ. ಜನ ಕಾನ್ಸರ್ಟ್ ನೋಡಕ್ಕೆ ಟಿಕೆಟ್ ತಗೊಂಡು ಹೋದ್ರು, ಇವನು ಮಾತಾಡ್ಕೊಂಡು ಕೂತ, ಅದೂ ಕಪ್ಪು ಬಿಳುಪಲ್ಲಿ. ಶುರು ಮಾಡಿದ ನಿರ್ದೇಶಕಿ ಮೇರಿ ಲ್ಯಾಂಬರ್ಟ್ ಹೊರಗೆ ಹೋಗಿ ಇವನೇ ನಿರ್ದೇಶನಕ್ಕೂ ನಿಂತ. ಪ್ರೀಮಿಯರ್ ಅಂತೂ ಎಂಟಿವಿ ಸ್ಪರ್ಧೇಲಿ ಫೋನ್ ಮಾಡಿ ಗೆದ್ದ ಒಬ್ಬ ಹುಡುಗಿಯ ಊರು ಅಂತ ವಯೋಮಿಂಗ್‌ನ ಶೆರಿಡನ್ ಅನ್ನೋ ಸಣ್ಣ ಊರಲ್ಲಿ ನಡೀತು. ಕೊನೆಗೆ ಕೆಟ್ಟ ಸಿನಿಮಾಗೆ ಕೊಡೋ ರಾಝಿ ಪ್ರಶಸ್ತಿ ಇನ್ನೊಂದು ಸಿನಿಮಾ ಜೊತೆ ಹಂಚ್ಕೊಂಡು ಬಂತು.

ಆದ್ರೂ ಒಂದು ಸೀನ್ ನನಗಿಷ್ಟ. ಕಾಗದದ ಮೇಲೆ 'ರೆಕಾ ಸ್ಟೋ' ಅಂತ ಬರೆದು ಶ್ರೀಮಂತ ಹುಡುಗಿ ಕೈಲಿ ಓದಿಸ್ತಾನಲ್ಲ, ಅವಳು (ಕ್ರಿಸ್ಟಿನ್ ಸ್ಕಾಟ್ ಥಾಮಸ್, ಅವರ ಮೊದಲ ಸಿನಿಮಾ) ಎಷ್ಟು ಸಲ ಓದಿದ್ರೂ ಅದು ರೆಕಾರ್ಡ್ ಸ್ಟೋರ್ ಅಂತ ಹೊಳಿಯಲ್ಲ. ಕನ್ನಡದವರಿಗೆ ಹೊಳೀತಿತ್ತು ಬಿಡಿ, ನಾವು ಇಂಗ್ಲಿಷನ್ನ ಬರ್ಕೊಳ್ಳೋದೇ ಕಿವಿಗೆ ಬಿದ್ದ ಹಾಗೆ.

ಈಗ ನಿಮ್ಮ ಅನುಮಾನ. ಹೌದು ಮೇಡಂ. ವಿಹೆಚ್‌ಎಸ್ ಕಾಲದಲ್ಲಿ ಗೆಳೆಯನ ಮನೇಲಿ ನೋಡಿದ್ದೆ, ಅರ್ಧಕ್ಕೇ ನಿದ್ದೆ ಹೋಗಿದ್ದೆ, ಎದ್ದಾಗ ಕೊನೇ ಟೈಟಲ್‌ನಲ್ಲಿ ಬ್ಯಾಂಡ್‌ನವರು ಮೋಡದ ಮಧ್ಯೆ ನಿಂತು 'ಮೌಂಟನ್ಸ್' ನುಡಿಸ್ತಿದ್ರು. ಟ್ರೇಸಿ ಗುಂಡೇಟು ತಿಂದು ಸಾಯೋದನ್ನ ನಾನು ನೋಡೇ ಇರ್ಲಿಲ್ಲ. ಹಾಗಾಗಿ ಇಷ್ಟು ವರ್ಷ 'ಸಮ್‌ಟೈಮ್ಸ್ ಇಟ್ ಸ್ನೋಸ್ ಇನ್ ಏಪ್ರಿಲ್' ಹಾಡನ್ನ ಯಾರೋ ಎಲ್ಲೋ ಹೋದ ಗೆಳೆಯನ ಹಾಡು ಅಂದ್ಕೊಂಡು ಕೇಳ್ತಿದ್ದೆ. ನಿಮ್ಮ ಪತ್ರ ಬಂದ ಮೇಲೆ ಹೋದ ಭಾನುವಾರ ಪೂರ್ತಿ ನೋಡ್ದೆ, ಕಾಫಿ ಕುಡ್ಕೊಂಡು, ಎಚ್ಚರವಾಗಿದ್ದು. ತಾನೇ ಆಡಿದ ಪಾತ್ರದ ಸಾವಿಗೆ ತಾನೇ ಕೂತು ಅಳೋ ಹಾಡು ಅದು. ಅವನ ಬ್ಯಾಂಡ್‌ನ ವೆಂಡಿ ಗಿಟಾರ್, ಲೀಸಾ ಪಿಯಾನೋ, ಅವನ ದನಿ, ಡ್ರಮ್ಸ್ ಇಲ್ಲ. ರೆಕಾರ್ಡ್ ಮಾಡಿದ್ದು 1985ರ ಏಪ್ರಿಲ್ 21ಕ್ಕೆ. ಪ್ರಿನ್ಸ್ ತೀರ್ಕೊಂಡಿದ್ದು 2016ರ ಏಪ್ರಿಲ್ 21ಕ್ಕೆ. ನಾನು ಇಂಥದ್ದಕ್ಕೆಲ್ಲಾ ಅರ್ಥ ಹುಡುಕೋನಲ್ಲ, ಆದ್ರೂ ಆ ರಾತ್ರಿ ಹಾಡು ಇನ್ನೊಂದ್ಸಲ ಹಾಕಕ್ಕೆ ಕೈ ಬರ್ಲಿಲ್ಲ.

"ಸಿನಿಮಾ ಬಿಟ್ಟಾಕಿ" ಅಂದಿದ್ದನ್ನ ವಾಪಸ್ ತಗೊಂಡಿದ್ದೀನಿ, ಆಲ್ಬಂನ ಮೊದಲ ಹನ್ನೊಂದು ಹಾಡಿಗೆ ಅಲ್ಲ, ಹನ್ನೆರಡನೇದಾದ ಈ ಕೊನೇ ಹಾಡಿಗೆ. ಯಜಮಾನ್ರಿಗೆ 'ಗರ್ಲ್ಸ್ ಅಂಡ್ ಬಾಯ್ಸ್' ಹಾಕಿ ಟೆಸ್ಟ್ ಮಾಡಕ್ಕೆ ಹೇಳಿ, ಎರಿಕ್ ಲೀಡ್ಸ್ ನುಡಿಸಿರೋ ಬ್ಯಾರಿಟೋನ್ ಸ್ಯಾಕ್ಸೊಫೋನ್ ಇದೆ, ಕೆಳದನಿ ಬೇಕಾದಷ್ಟು ಸಿಗುತ್ತೆ. ರಿಪೇರಿಯವನಿಗೆ ಕೊಟ್ಟ ದುಡ್ಡು ಮಾತ್ರ ಪತ್ರಿಕೆ ಕೊಡಲ್ಲ, ಬೇಕಾದ್ರೆ ಆರು ತಿಂಗಳ ಚಂದಾ ಮಾಫಿ.