ಕಡಲ ತಳದ ಬೂದಿಗೆ ವಯಸ್ಸು ಕಟ್ಟುವ ಬಗೆ

ಪ್ರಶ್ನೆ: ಸುಮಾತ್ರಾದ ತೋಬಾ ಜ್ವಾಲಾಮುಖಿಯ ಬೂದಿ ಬಂಗಾಳ ಕೊಲ್ಲಿಯ ತಳದಲ್ಲೂ ಅರಬ್ಬೀ ಸಮುದ್ರದ ತಳದಲ್ಲೂ ದೊರೆತಿದೆಯೆಂದು ಓದಿದೆ. ಅದು ತೋಬಾದ್ದೇ ಎಂದು ಹೇಗೆ ಗುರುತಿಸುತ್ತಾರೆ? ಅದರ ವಯಸ್ಸನ್ನು ಹೇಗೆ ನಿರ್ಧರಿಸುತ್ತಾರೆ?

ಉತ್ತರ: ಉದ್ದನೆಯ ಕೊಳವೆಯನ್ನು ಕಡಲ ತಳಕ್ಕಿಳಿಸಿ, ಪದರಗಳು ಆದಷ್ಟು ಕದಡದಂತೆ ಕೆಸರನ್ನು ಕಂಬದ ರೂಪದಲ್ಲಿ ಮೇಲೆತ್ತುತ್ತಾರೆ. ಬೂದಿ ಅದರಲ್ಲಿ ಕೆಲವೊಮ್ಮೆ ಬರಿಗಣ್ಣಿಗೇ ಕಾಣುವ ಪಟ್ಟಿಯಾಗಿರುತ್ತದೆ. ಜ್ವಾಲಾಮುಖಿಯಿಂದ ತೀರ ದೂರದಲ್ಲಾದರೆ ಸೂಕ್ಷ್ಮದರ್ಶಕಕ್ಕಷ್ಟೇ ಸಿಗುವ ಗಾಜಿನ ಚೂರುಗಳಾಗಿ ಚದುರಿರುತ್ತದೆ. ಹೌದು, ಗಾಜು. ಬೂದಿಯೆಂದು ಕರೆದರೂ ಇದು ಏನನ್ನೋ ಸುಟ್ಟು ಉಳಿದದ್ದಲ್ಲ. ಸ್ಫೋಟದಲ್ಲಿ ಛಿದ್ರಗೊಂಡು, ಹರಳುಗಟ್ಟಲು ಅವಕಾಶವಿಲ್ಲದಷ್ಟು ಬೇಗ ತಣಿದ ಶಿಲಾರಸ. ಆದ್ದರಿಂದಲೇ ಪ್ರತಿ ಚೂರಿನಲ್ಲೂ ಆ ಹೊತ್ತಿನ ಶಿಲಾರಸದ ರಾಸಾಯನಿಕ ಗುರುತು ಉಳಿದಿರುತ್ತದೆ. ಒಂದೊಂದು ಚೂರಿನ ಮೇಲೂ ಎಲೆಕ್ಟ್ರಾನ್ ಕಿರಣ ಹಾಯಿಸಿ ಸಿಲಿಕಾ, ಪೊಟ್ಯಾಸಿಯಂ, ಕಬ್ಬಿಣ ಮೊದಲಾದವುಗಳ ಪ್ರಮಾಣವನ್ನು ಅಳೆದು, ಜ್ವಾಲಾಮುಖಿಯ ಬಳಿಯ ನಿಕ್ಷೇಪದೊಡನೆ ಹೋಲಿಸುತ್ತಾರೆ.

ತೋಬಾದ ವಿಷಯದಲ್ಲಿ ಇಷ್ಟೇ ಸಾಲದು. ಅದು ಸುಮಾರು 74,000 ವರ್ಷಗಳ ಹಿಂದಲ್ಲದೆ, ಸುಮಾರು 5 ಲಕ್ಷ ಮತ್ತು 8 ಲಕ್ಷ ವರ್ಷಗಳ ಹಿಂದೆಯೂ ಭಾರಿಯಾಗಿ ಸಿಡಿದಿತ್ತು. ಆ ಬೂದಿಗಳ ಗಾಜು ಮೇಲ್ನೋಟಕ್ಕೆ ಒಡಹುಟ್ಟಿದವರಂತೆ ಹೋಲುತ್ತದೆ. ಹಾಗಾಗಿ ಅತ್ಯಲ್ಪ ಪ್ರಮಾಣದ ಧಾತುಗಳನ್ನೂ ಬಯೊಟೈಟ್ ಎಂಬ ಕಪ್ಪು ಅಭ್ರಕದ ಹರಳುಗಳ ಸಂಯೋಜನೆಯನ್ನೂ ಕೆಸರಿನ ಕಂಬದಲ್ಲಿ ಪದರವಿರುವ ಸ್ಥಾನವನ್ನೂ ಒಟ್ಟಿಗೆ ನೋಡಬೇಕಾಗುತ್ತದೆ.

ಇನ್ನು ವಯಸ್ಸು. ಜೀವಿಗಳ ಅವಶೇಷದಲ್ಲಿ ಉಳಿದ ವಿಕಿರಣಶೀಲ ಇಂಗಾಲವನ್ನು ಅಳೆಯುವ ವಿಧಾನ ಸುಮಾರು 50,000 ವರ್ಷಗಳಾಚೆ ಕೈಕೊಡುತ್ತದೆ. ಇಲ್ಲಿ ನೆರವಿಗೆ ಬರುವುದು ಸ್ಯಾನಿಡಿನ್ ಎಂಬ ಪೊಟ್ಯಾಸಿಯಂಯುಕ್ತ ಖನಿಜದ ಹರಳು. ಬಿಸಿ ಶಿಲಾರಸದಲ್ಲಿ ಈ ಹರಳಿನಿಂದ ಆರ್ಗಾನ್ ಅನಿಲ ತಪ್ಪಿಸಿಕೊಳ್ಳುತ್ತಿರುತ್ತದೆ. ಸ್ಫೋಟದ ನಂತರ ತಣಿದ ಹರಳಿನೊಳಗೆ, ಪೊಟ್ಯಾಸಿಯಂನ ವಿಕಿರಣಶೀಲ ರೂಪವಾದ ಪೊಟ್ಯಾಸಿಯಂ-40 ಕ್ಷಯಿಸಿದಂತೆಲ್ಲ ಹುಟ್ಟುವ ಆರ್ಗಾನ್-40 ಸೆರೆಯಾಗಿ ಕೂಡುತ್ತಾ ಹೋಗುತ್ತದೆ. ಎಷ್ಟು ಕೂಡಿದೆಯೆಂದು ಅಳೆದರೆ ಸ್ಫೋಟವಾಗಿ ಎಷ್ಟು ಕಾಲವಾಯಿತೆಂದು ತಿಳಿಯುತ್ತದೆ. ಈ ಕ್ಷಯದ ಅರ್ಧಾಯು (ಇರುವುದರಲ್ಲಿ ಅರ್ಧ ಕ್ಷಯಿಸಲು ಬೇಕಾದ ಕಾಲ) ಸುಮಾರು 125 ಕೋಟಿ ವರ್ಷವಾದ್ದರಿಂದ 74,000 ವರ್ಷಗಳಲ್ಲಿ ಕೂಡುವ ಅನಿಲ ಅತಿ ಸ್ವಲ್ಪ. ಅದನ್ನು ಅಳೆಯುವ ಉಪಕರಣಗಳ ಸೂಕ್ಷ್ಮತೆ ನನಗಂತೂ ಬೂದಿಯ ಪಯಣಕ್ಕಿಂತ ಹೆಚ್ಚಿನ ಬೆರಗು.

ಸಾಕಷ್ಟು ದೊಡ್ಡ ಹರಳುಗಳು ಸಾಮಾನ್ಯವಾಗಿ ಜ್ವಾಲಾಮುಖಿಯ ಸಮೀಪದಲ್ಲೇ ಸಿಗುತ್ತವೆ. ಅಲ್ಲಿ ಕಂಡುಕೊಂಡ ವಯಸ್ಸನ್ನು, ರಾಸಾಯನಿಕ ಗುರುತು ತಾಳೆಯಾದ ದೂರದ ಪದರಗಳಿಗೂ ಅನ್ವಯಿಸುತ್ತಾರೆ. ಒಂದೇ ಸ್ಫೋಟದ ಬೂದಿ ಭೂವೈಜ್ಞಾನಿಕ ಲೆಕ್ಕದಲ್ಲಿ ಎಲ್ಲೆಡೆಯೂ ಏಕಕಾಲಕ್ಕೆ ಬಿದ್ದಿರುವುದರಿಂದ ಇದು ಸಾಧ್ಯ. ಆದರೆ ತಳದಲ್ಲಿ ಬಿಲ ತೋಡುವ ಹುಳುಗಳು ಚೂರುಗಳನ್ನು ಮೇಲಕ್ಕೂ ಕೆಳಕ್ಕೂ ಎಳೆದಾಡಿರುತ್ತವೆ. ಆದಕಾರಣ ಮೊದಲ ಚೂರು ಕಂಡಲ್ಲೇ ಗೆರೆ ಎಳೆಯದೆ, ಕಂಬದುದ್ದಕ್ಕೂ ಚೂರುಗಳನ್ನು ಎಣಿಸಿ, ಅವು ಒಮ್ಮೆಲೇ ದಟ್ಟವಾಗುವ ಮಟ್ಟವನ್ನೇ ಬೂದಿ ಬಿದ್ದ ಕಾಲವೆಂದು ಗಣಿಸುತ್ತಾರೆ.